ಉಯ್ಯಂಬಳ್ಳಿಯ ದಾರಿ, ಹಿಮದ ನಾಡಿನ ಹಿಡಿಕೆ

ಕನಕಪುರದಿಂದ ಸಂಗಮದ ಕಡೆಗೆ ಹೊರಟರೆ ಪೇಟೆಯ ಗದ್ದಲ ಬೇಗನೆ ಹಿಂದೆ ಉಳಿಯುತ್ತದೆ. ರಸ್ತೆಯ ಎರಡೂ ಬದಿಗೆ ರಾಗಿ ಹೊಲ, ಹಿಪ್ಪುನೇರಳೆ ತೋಟ, ಅಲ್ಲಲ್ಲಿ ಹುಣಸೆ ಮರ, ದೂರದಲ್ಲಿ ಬಂಡೆಗಲ್ಲಿನ ಗುಡ್ಡಗಳು. ಕನಕಪುರ ತಾಲೂಕಿನ ಈ ಸೀಮೆಯ ಹೋಬಳಿ ಕೇಂದ್ರವೇ ಉಯ್ಯಂಬಳ್ಳಿ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಗೆ ಸೇರಿದ ಈ ಊರು, 2025ರಲ್ಲಿ ಜಿಲ್ಲೆಯ ಹೆಸರು ಬದಲಾದಾಗ ಬೆಂಗಳೂರು ದಕ್ಷಿಣ ಜಿಲ್ಲೆಯದಾಯಿತು. ಹೆಸರು ಬದಲಾದರೂ ದಾರಿ ಅದೇ, ದಾರಿಯ ಕಷ್ಟವೂ ಅದೇ.

ಪ್ರವಾಸಿಗರಿಗೆ ಈ ಕಡೆಯ ಪರಿಚಯ ಸಂಗಮ ಮತ್ತು ಮೇಕೆದಾಟಿನಿಂದ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿದ ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಹೊಳೆ ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುವ ಜಾಗ ಮೇಕೆದಾಟು. ಸುತ್ತಲಿನ ಕಾಡನ್ನು 1987ರಲ್ಲಿ ಕಾವೇರಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಇದು ಆನೆಗಳ ಕಾಡು. ಅವು ಕಾಡಿನಲ್ಲಷ್ಟೇ ಇರುವುದಿಲ್ಲ, ರಾಗಿ ತೆನೆ ಬಿಡುವ ಕಾಲಕ್ಕೆ ಹೊಲಕ್ಕೂ ಬರುತ್ತವೆ.

ಪ್ರವಾಸಿಗರು ಹಗಲಲ್ಲಿ ಬಂದು ಹಗಲಲ್ಲೇ ಮರಳುತ್ತಾರೆ. ಆದರೆ ಇದೇ ದಾರಿಯನ್ನು ಕತ್ತಲಲ್ಲಿ ಹಿಡಿಯಲೇಬೇಕಾದವರಿದ್ದಾರೆ. ಓದುಗರೇ, ಇಂದು ನಿಮ್ಮನ್ನು ಅವರ ಜೊತೆಗೆ ಕರೆದೊಯ್ಯುತ್ತೇನೆ. ಹೊಳೆ, ಬಂಡೆಗಳನ್ನು ಇನ್ನೊಮ್ಮೆ ನೋಡೋಣ.

ನಸುಕಿನ ಗೂಡಿನ ಚೀಲ

ರೇಷ್ಮೆ ಸಾಕುವ ಮನೆಗಳಲ್ಲಿ ಗೂಡು ಬಿಡಿಸಿದ ದಿನ ಯಾರಿಗೂ ನಿದ್ದೆ ಇರುವುದಿಲ್ಲ. ಚಂದ್ರಿಕೆಯಿಂದ ಗೂಡು ಬಿಡಿಸುವುದು, ಕೆಟ್ಟದ್ದನ್ನು ಆರಿಸಿ ತೆಗೆಯುವುದು, ಚೀಲಕ್ಕೆ ತುಂಬುವುದು, ಈ ಕೆಲಸಗಳಲ್ಲಿ ಹೆಚ್ಚಿನ ಪಾಲು ಹೆಂಗಸರದೇ. ಗೂಡಿನೊಳಗೆ ಜೀವ ಇನ್ನೂ ಇರುತ್ತದೆ, ಅದು ಉಸಿರಾಡುತ್ತಿರುತ್ತದೆ. ಒತ್ತಿ ತುಂಬಿದ ಚೀಲವನ್ನು ಬಿಸಿಲಲ್ಲಿ ಒಯ್ದರೆ ಒಳಗೆ ಬೇಗೆ, ತೇವ ಹೆಚ್ಚಿ ಗೂಡು ಕೆಡುತ್ತದೆ, ಸಿಗುವ ದರ ಇಳಿಯುತ್ತದೆ. ಆದ್ದರಿಂದ ಗೂಡು ತಂಪು ಹೊತ್ತಿನಲ್ಲೇ ಹೊರಡಬೇಕು. ಹೋಗಬೇಕಾದ್ದು ಕನಕಪುರದ ಮಾರುಕಟ್ಟೆಗೆ, ಇಲ್ಲವೇ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ. ಅಲ್ಲಿ ಹರಾಜಿನಲ್ಲಿ ಕೊಳ್ಳುವ ರೀಲರ್‌ಗಳಲ್ಲಿ ಬಹುಪಾಲು ನಮ್ಮವರೇ, ರಾಮನಗರದ ಮುಸ್ಲಿಂ ಕುಟುಂಬಗಳವರು. ಬೆಳೆದವರ ಮನೆ ಒಂದು, ನೂಲು ತೆಗೆಯುವವರ ಮನೆ ಇನ್ನೊಂದು. ಎರಡರ ಅನ್ನವೂ ಆ ಚೀಲದಲ್ಲೇ ಇದೆ.

ಹೆಚ್ಚು ಗೂಡಿದ್ದವರು ಟೆಂಪೋ ಹಿಡಿಯುತ್ತಾರೆ. ಸಣ್ಣ ರೈತನಿಗೆ ಟಿವಿಎಸ್ ಗಾಡಿಯೇ ಲಾರಿ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಂದಾಗ, ಅದು ಇಬ್ಬರನ್ನು ಹೊರಬಲ್ಲ ಪುಟ್ಟ ಗಾಡಿ ಎಂದಷ್ಟೇ ಜನ ತಿಳಿದರು. ಅದರ ಮಕ್ಕಳು, ಮರಿಮಕ್ಕಳಾದ ಎಕ್ಸ್‌ಎಲ್ ಗಾಡಿಗಳು ಈಗ ಹುಲ್ಲು, ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಗೂಡಿನ ಚೀಲ ಎಲ್ಲವನ್ನೂ ಹೊರುತ್ತವೆ. ಗಂಡಸರಷ್ಟೇ ಅಲ್ಲ, ಶಾಲೆಯ ಟೀಚರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ನರ್ಸಮ್ಮ ಎಲ್ಲರೂ ಇಂದು ಸ್ಕೂಟರ್ ಏರಿ ಹಳ್ಳಿಯಿಂದ ಹಳ್ಳಿಗೆ ಓಡಾಡುತ್ತಾರೆ. ಹೆರಿಗೆಯ ನೋವು ಹೊತ್ತು ನೋಡಿ ಬರುವುದಿಲ್ಲವಲ್ಲ.

ಡಿಸೆಂಬರ್, ಜನವರಿಯ ನಸುಕಿನಲ್ಲಿ ಇಲ್ಲಿ ಮಂಜು ಕವಿಯುತ್ತದೆ. ನಿಂತವರಿಗೆ ಹಿತವಾದ ಚಳಿ ಗಾಡಿಯ ಮೇಲೆ ಕುಳಿತವರ ಬೆರಳನ್ನು ಮರಗಟ್ಟಿಸುತ್ತದೆ. ಅಂಥ ಹೊತ್ತಿನಲ್ಲಿ ತಿರುವಿನಲ್ಲಿ ಗಾಡಿಯ ದೀಪ ಆರಿಹೋದರೆ? ಮುಂದೆ ಇರುವುದು ಹಳ್ಳವೋ, ದನವೋ, ಆನೆಯೋ ತಿಳಿಯುವುದು ಹೇಗೆ? ಪೇಟೆಯ ಓದುಗರಿಗೆ ಹೆಡ್‌ಲೈಟ್ ಕೆಡುವುದು ಒಂದು ಸಣ್ಣ ರಿಪೇರಿ. ಇಲ್ಲಿ ಅದು ಮನೆ ಸೇರುವ, ಸೇರದಿರುವ ಪ್ರಶ್ನೆ.

ಹ್ಯಾಂಡಲ್ ತಿರುಗಿಸಿ ನೋಡಿ

ಚಳಿಗಾಲದ ಒಂದು ದಿನ ಆ ದಾರಿಯ ಬದಿಯ ಗ್ಯಾರೇಜೊಂದರ ಮುಂದೆ ನಾನು ಬಸ್ಸಿಗೆ ಕಾಯುತ್ತಿದ್ದೆ. ಗ್ಯಾರೇಜೆಂದರೆ ಒಂದು ತಗಡಿನ ಚಪ್ಪರ, ಗಾಳಿ ತುಂಬುವ ಯಂತ್ರ, ಗೋಡೆಗೆ ತೂಗುಹಾಕಿದ ಹಳೆಯ ಟ್ಯೂಬುಗಳು. ಅಂಗನವಾಡಿಯ ಹೆಣ್ಣುಮಗಳೊಬ್ಬರು ಸ್ಕೂಟರ್ ತಂದು ನಿಲ್ಲಿಸಿದರು. ಎಡಕ್ಕೆ ತಿರುಗಿದರೆ ದೀಪ ಆರುತ್ತದೆ, ನೇರ ಮಾಡಿದರೆ ಉರಿಯುತ್ತದೆ. ಬೇರೆಲ್ಲೋ ತೋರಿಸಿ ಬಲ್ಬು ಬದಲಿಸಿದ್ದರು, ಆಮೇಲೆ ಬ್ಯಾಟರಿಗೂ ದುಡ್ಡು ಕೊಟ್ಟಿದ್ದರು. ತೊಂದರೆ ಹಾಗೆಯೇ ಉಳಿದಿತ್ತು.

ಮೆಕ್ಯಾನಿಕ್ ಭಾಯಿ ಬಲ್ಬನ್ನು ಮುಟ್ಟಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ತಿರುಗಿಸಿದರು. ಎಡಕ್ಕೆ ಬಂದಾಗ ದೀಪ ಮಿಣುಕಿತು. ಮುಂದಿನ ಮುಚ್ಚಳ ಬಿಚ್ಚಿ, ಹ್ಯಾಂಡಲ್ ಮತ್ತು ಗಾಡಿಯ ಮೈ ಕೂಡುವ ಕುತ್ತಿಗೆಯ ಜಾಗದಲ್ಲಿ ವೈರುಗಳ ಕಟ್ಟನ್ನು ಬೆರಳಿಂದ ತಡವಿದರು. ಒಂದು ವೈರಿನ ಹೊರಗಿನ ಪ್ಲಾಸ್ಟಿಕ್ ಸರಿಯಾಗಿಯೇ ಇತ್ತು, ಒಳಗಿನ ತಾಮ್ರದ ಎಳೆಗಳು ಮಾತ್ರ ತುಂಡಾಗಿದ್ದವು. ಎಳೆದರೆ ರಬ್ಬರಿನಂತೆ ಹಿಗ್ಗುತ್ತಿತ್ತು.

"ನೋಡಕ್ಕ, ದಿನಾ ಎಲ್ಲಿ ಬಗ್ಗುತ್ತೋ ಅಲ್ಲೇ ಮುರಿಯೋದು. ಬಲ್ಬು ಏನು ಮಾಡೀತು ಪಾಪ," ಎಂದರು.

ಆಕೆ ನಕ್ಕು, "ಬೆಳಿಗ್ಗೆ ಈ ಹ್ಯಾಂಡಲ್ ಹಿಡ್ಕೊಂಡ್ರೆ ಕೈ ಮರಗಟ್ಟೋಗುತ್ತೆ ಭಾಯ್. ಇದ್ರೊಳಗೇ ಒಂದು ಕೆಂಡ ಇಡೋ ಹಂಗಿದ್ರೆ!" ಎಂದರು.

"ಅದೂ ಇದೆ ಕಣಕ್ಕ. ಲಡಾಖ್‌ಗೆ ಹೋಗೋ ಹುಡುಗ್ರು ಹಾಕಿಸ್ಕೋತಾರೆ. ಬಿಸಿ ಗ್ರಿಪ್ ಅಂತ."

ಆ ತಮಾಷೆಯ ಮಾತಿನ ಹಿಂದೆ ಒಂದು ದೊಡ್ಡ ಲೋಕವೇ ಇದೆ.

ಹಿಮದ ಮೇಲೆ ಓಡುವ ಗಾಡಿ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ವಾಲ್ಕೂರ್ ಎಂಬ ಊರಿದೆ. ಅಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. 1934ರ ಚಳಿಗಾಲದಲ್ಲಿ ಅಲ್ಲಿನ ಗ್ಯಾರೇಜಿನ ಯುವಕ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅವರ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಉಲ್ಬಣಿಸಿತು. ರಸ್ತೆಗಳೆಲ್ಲ ಹಿಮದಲ್ಲಿ ಹೂತುಹೋಗಿದ್ದವು. ಆಸ್ಪತ್ರೆಗೆ ಒಯ್ಯಲು ಗಾಡಿ ಇರಲಿಲ್ಲ. ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ವಾಹನಕ್ಕಾಗಿ ಅದಕ್ಕೂ ಮೊದಲೇ ದುಡಿಯುತ್ತಿದ್ದ ಆ ತಂದೆ ಕೆಲಸ ಬಿಡಲಿಲ್ಲ. 1937ರಲ್ಲಿ ಅವರ ಹಿಮವಾಹನಕ್ಕೆ ಪೇಟೆಂಟ್ ಸಿಕ್ಕಿತು. ವೈದ್ಯರನ್ನು, ರೋಗಿಗಳನ್ನು, ಶಾಲೆಯ ಮಕ್ಕಳನ್ನು ಸಾಗಿಸಲು ಅಂಥ ಗಾಡಿಗಳು ನೆರವಾದವು. 1959ರಲ್ಲಿ ಅವರ ಕಂಪನಿಯ ಸ್ಕೀ-ಡೂ ಎಂಬ ಪುಟ್ಟ ಗಾಡಿ ಮಾರುಕಟ್ಟೆಗೆ ಬಂತು. ನಮ್ಮ ಸ್ಕೂಟರಿನಂತೆಯೇ ಹ್ಯಾಂಡಲ್ ಹಿಡಿದು ಕೂರುವ ಗಾಡಿ ಅದು. ಮುಂದೆ ಚಕ್ರದ ಬದಲು ಜಾರುವ ಪಟ್ಟಿ, ಹಿಂದೆ ಉರುಳುವ ರಬ್ಬರ್ ಬೆಲ್ಟು.

ಇಂಥವನ್ನು ಸ್ನೋಮೊಬೈಲ್ ಎನ್ನುತ್ತಾರೆ. ಕಾಶ್ಮೀರದ ಗುಲ್ಮಾರ್ಗ್‌ಗೆ ಹೋದವರು ಸ್ನೋ ಸ್ಕೂಟರ್ ಎಂಬ ಹೆಸರಿನಲ್ಲಿ ಅದನ್ನು ಕಂಡಿರಬಹುದು. ಹೆಪ್ಪುಗಟ್ಟುವ ಚಳಿಯಲ್ಲಿ ವೇಗವಾಗಿ ಹೋಗುವಾಗ ಬರಿಯ ಕೈಗವಸು ಸಾಲುವುದಿಲ್ಲ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗದು, ಹೆಚ್ಚು ಹೊತ್ತಾದರೆ ಚರ್ಮವೇ ಹೆಪ್ಪುಗಟ್ಟಿ ಕೆಡಬಹುದು. ಅದಕ್ಕಾಗಿ ಹಿಡಿಕೆಯ ರಬ್ಬರಿನ ಕೆಳಗೆ ತೆಳುವಾದ ಬಿಸಿಯಾಗುವ ತಂತಿಯನ್ನೋ ಪಟ್ಟಿಯನ್ನೋ ಸುತ್ತಿರುತ್ತಾರೆ. ಹೆಬ್ಬೆರಳಿನಿಂದ ಒತ್ತುವ ಎಕ್ಸಲರೇಟರ್ ಸನ್ನೆಗೂ ಅಂಥದೇ ಪುಟ್ಟ ಪಟ್ಟಿ ಇರುತ್ತದೆ. ಸ್ವಿಚ್ ಹಾಕಿದರೆ ಹಿಡಿಕೆ ಬೆಚ್ಚಗಾಗುತ್ತದೆ.

ಕೈಗೂ ಬಿಸಿಗೂ ಇರುವ ಸಂಬಂಧ ಎಷ್ಟು ವಿಚಿತ್ರ ನೋಡಿ. ರಾಮನಗರದ ರೀಲಿಂಗ್ ಘಟಕದಲ್ಲಿ ನಮ್ಮ ಅಕ್ಕ-ತಂಗಿಯರು ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಗೂಡಿನ ಎಳೆ ಹುಡುಕುತ್ತಾರೆ, ಬೆರಳಿನ ಚರ್ಮ ಸುಲಿಯುತ್ತದೆ. ಅಲ್ಲಿ ಬಿಸಿಯಿಂದ ಕೈ ಉಳಿಸಿಕೊಳ್ಳಬೇಕು, ಇಲ್ಲಿ ಬಿಸಿಯಿಂದಲೇ ಕೈ ಉಳಿಯಬೇಕು.

ಕಾಯಿಲೆ ಒಂದೇ

ಈ ಬಿಸಿ ಹಿಡಿಕೆಗೆ ಬರುವ ಕಾಯಿಲೆಗಳನ್ನು ನೋಡಿದರೆ ಉಯ್ಯಂಬಳ್ಳಿ ದಾರಿಯ ಆ ಸ್ಕೂಟರೇ ಕಣ್ಣ ಮುಂದೆ ಬರುತ್ತದೆ. ಅಲ್ಲಿಯೂ ವೈರು ಗಾಡಿಯ ಮೈಯಿಂದ ಹ್ಯಾಂಡಲಿಗೆ ಹತ್ತುವ ಜಾಗದಲ್ಲಿ ದಿನಕ್ಕೆ ನೂರಾರು ಸಲ ಬಗ್ಗುತ್ತದೆ. ಚಳಿಗೆ ಪ್ಲಾಸ್ಟಿಕ್ ಗಡುಸಾಗುವುದರಿಂದ ಬಗ್ಗಿದಾಗ ಪೆಟ್ಟು ಇನ್ನೂ ಹೆಚ್ಚು. ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಸವೆದರೆ ತಾಮ್ರ ನೇರವಾಗಿ ಗಾಡಿಯ ಮೈಗೆ ತಗಲುತ್ತದೆ, ಫ್ಯೂಸ್ ಹೋಗುತ್ತದೆ.

ಇನ್ನೊಂದು ಹೋಲಿಕೆಯೂ ಇದೆ. ಹಳೆಯ ಮೊಪೆಡ್‌ಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ಬರುತ್ತಿರಲಿಲ್ಲ, ಇಂಜಿನ್ ತಿರುಗುವಾಗ ಕಾಯಿಲಿನಲ್ಲಿ ಹುಟ್ಟುವ ಕರೆಂಟೇ ನೇರವಾಗಿ ಹೋಗುತ್ತಿತ್ತು. ಎಕ್ಸಲರೇಟರ್ ಕೊಟ್ಟರೆ ದೀಪ ಝಗ್ಗನೆ ಬೆಳಗುತ್ತಿತ್ತು, ಬಿಟ್ಟರೆ ಮಂಕಾಗುತ್ತಿತ್ತು. ಬ್ಯಾಟರಿಯಿಲ್ಲದ ಹಳೆಯ ಹಿಮಗಾಡಿಗಳ ಬಿಸಿ ಹಿಡಿಕೆಯೂ ಹಾಗೆಯೇ. ಗಾಡಿ ನಿಧಾನವಾದರೆ ಹಿಡಿಕೆ ತಣ್ಣಗಾಗುತ್ತದೆ. ಅದು ಕೆಟ್ಟದ್ದಲ್ಲ, ಅದರ ಸ್ವಭಾವವೇ ಅದು. ಸ್ವಭಾವ ಯಾವುದು, ಕಾಯಿಲೆ ಯಾವುದು ಎಂದು ಮೊದಲು ತಿಳಿಯದಿದ್ದರೆ ಸರಿಯಿದ್ದುದನ್ನೂ ಬಿಚ್ಚಿ ಹಾಳುಮಾಡುತ್ತೇವೆ.

ಹುಡುಕುವ ಕ್ರಮ

ಇದನ್ನೆಲ್ಲ ನಮಗೇಕೆ ಹೇಳುತ್ತೀರಿ, ಮೆಕ್ಯಾನಿಕ್ ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಆದರೆ ತೊಂದರೆ ಎಲ್ಲಿದೆ ಎಂದು ನೀವೇ ಸರಿಯಾಗಿ ಹೇಳಬಲ್ಲಿರಾದರೆ ಬೇಡದ ಬ್ಯಾಟರಿಗೆ ದುಡ್ಡು ಹೋಗುವುದಿಲ್ಲ. ಕ್ರಮ ಸುಲಭವಿದೆ. ಹಿಮದ ನಾಡಿಗೂ ನಮ್ಮ ನಾಡಿಗೂ ಅದು ಒಂದೇ.

ಮೊದಲು, ಯಾವುದೆಲ್ಲ ಕೆಟ್ಟಿದೆ ಎಂದು ನೋಡಿ. ಒಂದು ಹಿಡಿಕೆ ಬೆಚ್ಚಗಿದ್ದು ಇನ್ನೊಂದು ಮಾತ್ರ ತಣ್ಣಗಿದ್ದರೆ ತೊಂದರೆ ಆ ಹಿಡಿಕೆಯಲ್ಲಿ ಅಥವಾ ಅದಕ್ಕೇ ಹೋಗುವ ವೈರಿನಲ್ಲಿದೆ. ಎರಡೂ ತಣ್ಣಗಿದ್ದರೆ ಎರಡಕ್ಕೂ ಸೇರಿದ ಫ್ಯೂಸ್, ಸ್ವಿಚ್, ಅರ್ತ್ ವೈರು ನೋಡಬೇಕು. ಕೆಲವು ಗಾಡಿಗಳಲ್ಲಿ ಎರಡನ್ನೂ ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಅಲ್ಲಿ ಒಂದು ತುಂಡಾದರೂ ಎರಡೂ ತಣ್ಣಗಾಗುತ್ತವೆ. ನಮ್ಮ ಸ್ಕೂಟರಿನಲ್ಲಿಯೂ ಹೀಗೆಯೇ ಎಣಿಸಿ. ಹೆಡ್‌ಲೈಟ್ ಮಾತ್ರ ಹೋಗಿದೆಯೇ, ಹಾರ್ನ್, ಇಂಡಿಕೇಟರ್, ಬ್ರೇಕ್ ದೀಪ ಎಲ್ಲವೂ ಒಟ್ಟಿಗೆ ಹೋಗಿವೆಯೇ? ಒಂದೇ ಹೋಗಿದ್ದರೆ ಅದರ ಬಲ್ಬು, ಹೋಲ್ಡರ್, ವೈರು. ಎಲ್ಲ ಒಟ್ಟಿಗೆ ಹೋಗಿದ್ದರೆ ಫ್ಯೂಸ್, ಬ್ಯಾಟರಿ, ಅರ್ತ್.

ಎರಡನೆಯದು, ಹ್ಯಾಂಡಲ್ ತಿರುಗಿಸುವ ಪರೀಕ್ಷೆ. ಗಾಡಿಯನ್ನು ಬಯಲಿನಲ್ಲಿ, ಸಮ ನೆಲದಲ್ಲಿ ದೊಡ್ಡ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹೊಗೆ ಅಪಾಯವಾದ್ದರಿಂದ ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಬೇಡಿ. ಎಕ್ಸಲರೇಟರ್ ಮುಟ್ಟದೆ ಹ್ಯಾಂಡಲನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಮಕ್ಕಳನ್ನು ಹಿಂದಿನ ಚಕ್ರದ ಬಳಿ ಬಿಡಬೇಡಿ. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲಿ ಇಂಜಿನ್ ಓಡುವವರೆಗೂ ಹೆಡ್‌ಲೈಟ್ ಉರಿಯುತ್ತಲೇ ಇರುವುದರಿಂದ ಈ ಪರೀಕ್ಷೆ ಇನ್ನೂ ಸುಲಭ. ಯಾವ ಕೋನದಲ್ಲಿ ದೀಪ ಮಿಣುಕಿತೋ ಅದನ್ನು ನೆನಪಿಟ್ಟು ಮೆಕ್ಯಾನಿಕ್‌ಗೆ ಹೇಳಿ.

ಮೂರನೆಯದು, ಫ್ಯೂಸ್. ಸುಟ್ಟಿದ್ದರೆ ಅದರ ಮೇಲೆ ಬರೆದಷ್ಟೇ ಆಂಪಿಯರಿನ ಹೊಸದನ್ನು ಹಾಕಿ. ಹೊಸದೂ ಕೂಡಲೇ ಸುಟ್ಟರೆ ಎಲ್ಲೋ ವೈರು ಕಬ್ಬಿಣಕ್ಕೆ ತಗಲುತ್ತಿದೆ ಎಂದೇ ಅರ್ಥ. ಆಗ ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದವನ್ನೋ ತಾಮ್ರದ ತಂತಿಯನ್ನೋ ಸಿಕ್ಕಿಸುವುದು ಬೆಂಕಿಯನ್ನು ಕರೆದಂತೆ. ಫ್ಯೂಸ್ ಸಾಯುವುದು ಗಾಡಿಯನ್ನು ಉಳಿಸುವುದಕ್ಕಾಗಿ.

ನಾಲ್ಕನೆಯದು, ಕೂಡುವ ಜಾಗಗಳು. ವೈರಿನಿಂದ ವೈರಿಗೆ ಸಿಕ್ಕಿಸುವ ಕಪ್ಲರ್, ಗಾಡಿಯ ಮೈಗೆ ಬೋಲ್ಟ್ ಹಾಕಿದ ಅರ್ತ್. ಅಲ್ಲಿ ತುಕ್ಕು, ಹಸಿರು ಕಿಲುಬು, ಕರಗಿದ ಪ್ಲಾಸ್ಟಿಕ್ ಇದೆಯೇ ನೋಡಿ. ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಗೆ ಇಲಿಯ ಕಾಟವೂ ಉಂಟು.

ಕೊನೆಯದು ಮಲ್ಟಿಮೀಟರಿನ ಕೆಲಸ. ಇದನ್ನು ಬಲ್ಲವರಿಗೆ ಬಿಡಿ, ಆದರೆ ಅರ್ಥ ತಿಳಿದಿರಲಿ. ಒಂದು ಬಿಸಿ ಹಿಡಿಕೆಯ ತಂತಿಯ ತಡೆ 4 ಓಮ್ ಎಂದಿಟ್ಟುಕೊಳ್ಳಿ. 12 ವೋಲ್ಟಿಗೆ ಜೋಡಿಸಿದರೆ 12ನ್ನು 4ರಿಂದ ಭಾಗಿಸಿ 3 ಆಂಪಿಯರ್ ಕರೆಂಟು, ಅಂದರೆ 36 ವಾಟ್ ಬಿಸಿ. ಮೀಟರಿನಲ್ಲಿ ಹೀಗೆ ಕೆಲವು ಓಮ್ ತೋರಿದರೆ ತಂತಿ ಜೀವಂತವಿದೆ. ಏನೂ ತೋರದೆ ತೆರೆದೇ ಇದ್ದರೆ ಒಳಗೆ ತುಂಡಾಗಿದೆ. ಸೊನ್ನೆಗೆ ಹತ್ತಿರವಿದ್ದರೆ ಎಲ್ಲೋ ಶಾರ್ಟ್ ಆಗಿದೆ.

ಇದೇ ಲೆಕ್ಕದಿಂದ ಇನ್ನೊಂದು ಎಚ್ಚರಿಕೆ. ಎರಡು ಹಿಡಿಕೆಗೆ ಇಂಥ 36 ವಾಟ್‌ನಂತೆ ಬೇಕೆಂದರೆ 72 ವಾಟ್ ಆಯಿತು. ಸಾಮಾನ್ಯ ಹೆಡ್‌ಲೈಟ್ ಬಲ್ಬಿಗೆ ಬೇಕಾದ್ದು 35 ವಾಟ್. ಅಂದರೆ ಎರಡು ಹೆಡ್‌ಲೈಟ್ ಹೆಚ್ಚಿಗೆ ಹಾಕಿದಂತೆ. ಪುಟ್ಟ ಮೊಪೆಡ್, ಸ್ಕೂಟರುಗಳನ್ನು ಆ ಹೊರೆಗಾಗಿ ಮಾಡಿಲ್ಲ. ಅಂಗಡಿಯಲ್ಲಿ ಸಿಕ್ಕಿತೆಂದು ಮನೆಯ ಹುಡುಗರು ಬಿಸಿ ಗ್ರಿಪ್ ತಂದು ಸಿಕ್ಕಿಸಿದರೆ ಬ್ಯಾಟರಿ ಬರಿದಾಗುತ್ತದೆ, ವೈರಿಂಗ್ ಕಾಯುತ್ತದೆ. ನಮ್ಮ ಚಳಿಗೆ ಒಂದು ಜೊತೆ ಒಳ್ಳೆಯ ಕೈಗವಸು ಸಾಕು.

ಇಸ್ತ್ರಿಪೆಟ್ಟಿಗೆಯ ಕುತ್ತಿಗೆ

ಈ ಪಾಠ ನಿಮಗೆ ಹೊಸದೇನಲ್ಲ. ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆಯನ್ನು ನೆನಪಿಸಿಕೊಳ್ಳಿ. ಅದರೊಳಗಿನ ಕಾಯಿಲ್ ಸುಡುವುದು ಅಪರೂಪ. ವೈರು ಪೆಟ್ಟಿಗೆಯೊಳಗೆ ಹೋಗುವ ಕುತ್ತಿಗೆಯಲ್ಲಿ, ಇಸ್ತ್ರಿ ಮಾಡುವಾಗ ಹಿಂದೆ ಮುಂದೆ ಬಗ್ಗುವ ಜಾಗದಲ್ಲಿ, ಮುರಿಯುವುದೇ ಹೆಚ್ಚು. ವೈರನ್ನು ಒಂದು ಕಡೆ ಎತ್ತಿ ಹಿಡಿದರೆ ಬಿಸಿಯಾಗುತ್ತದೆ, ಬಿಟ್ಟರೆ ಇಲ್ಲ. ಹಾಗೆ ಎತ್ತಿ ಹಿಡಿದೇ ತಿಂಗಳುಗಟ್ಟಲೆ ನಡೆಸುವ ಮನೆಗಳಿವೆ! ಅದು ದೊಡ್ಡ ತಪ್ಪು. ಗಾಡಿಯಲ್ಲಿರುವುದು 12 ವೋಲ್ಟ್, ಮನೆಯಲ್ಲಿರುವುದು 230 ವೋಲ್ಟ್. ಗಾಡಿಯ ವೈರನ್ನು ತಡವಿದಂತೆ ಇದನ್ನು ತಡವಬಾರದು. ಪ್ಲಗ್ ತೆಗೆದು ಬದಿಗಿಟ್ಟು, ರಿಪೇರಿಯವರಿಗೆ ಕೊಟ್ಟು ವೈರನ್ನೇ ಬದಲಿಸಿ.

ನೀರು ಕಾಯಿಸುವ ರಾಡಿನ ಪ್ಲಗ್ ಕಪ್ಪಾಗಿ ಕರಗುವುದನ್ನೂ ನೋಡಿರುತ್ತೀರಿ. ಸಡಿಲವಾದ, ಕಿಲುಬು ಹಿಡಿದ ಜೋಡಣೆ ಕರೆಂಟಿಗೆ ತಡೆ ಒಡ್ಡುತ್ತದೆ. ತಡೆ ಇರುವಲ್ಲಿ ಬಿಸಿ ಹುಟ್ಟುತ್ತದೆ. ನೀರಿಗೆ ಹೋಗಬೇಕಾದ ಬಿಸಿ ಪ್ಲಗ್ಗಿನಲ್ಲಿ, ಅಂಗೈಗೆ ಬರಬೇಕಾದ ಬಿಸಿ ಕಪ್ಲರಿನಲ್ಲಿ ಹುಟ್ಟುತ್ತದೆ. ಕರಗಿದ ಕಪ್ಲರ್ ಕಂಡರೆ ಪ್ಲಾಸ್ಟಿಕ್ ಕಳಪೆ ಎಂದು ಬಯ್ಯುವ ಮೊದಲು ಒಳಗಿನ ಕಿಲುಬನ್ನು ನೋಡಬೇಕು.

ಹೊರಡುವ ಮುನ್ನ

ಆ ದಿನ ಗ್ಯಾರೇಜಿನಲ್ಲಿ ನಡೆದ ರಿಪೇರಿಯಲ್ಲಿ ಕಲಿಯುವುದಿತ್ತು. ಭಾಯಿ ತುಂಡಾದ ವೈರನ್ನು ಬರಿದೇ ಹೊಸೆದು ಟೇಪ್ ಸುತ್ತಲಿಲ್ಲ. ಹಾಗೆ ಮಾಡಿದ್ದರೆ ಕೆಲವೇ ದಿನಕ್ಕೆ ಮತ್ತೆ ಬಿಟ್ಟುಕೊಳ್ಳುತ್ತಿತ್ತು. ಕೆಟ್ಟ ಭಾಗವನ್ನು ಕತ್ತರಿಸಿ, ಅಷ್ಟುದ್ದದ ಹೊಸ ಮೆತ್ತನೆಯ ವೈರು ಸೇರಿಸಿ, ಬೆಸುಗೆ ಹಾಕಿ, ಮೇಲೆ ಕೊಳವೆ ತೊಡಿಸಿದರು. ಬೆಸುಗೆಯನ್ನು ಬಗ್ಗುವ ಜಾಗದಿಂದ ದೂರ ಇಟ್ಟರು. ಕುತ್ತಿಗೆಯ ಬಳಿ ವೈರನ್ನು ಬಿಗಿದು ಕಟ್ಟದೆ ಸ್ವಲ್ಪ ಸಡಿಲ ಬಿಟ್ಟರು. ಮತ್ತೆ ಹ್ಯಾಂಡಲನ್ನು ಎರಡೂ ತುದಿಗೆ ತಿರುಗಿಸಿ ದೀಪ ನೋಡಿದ ಮೇಲೆಯೇ ಮುಚ್ಚಳ ಹಾಕಿದರು.

ಕತ್ತಲ ದಾರಿಯಲ್ಲಿ ಓಡಾಡುವ ಸಹೋದರಿಯರು ಸೀಟಿನ ಕೆಳಗೆ ನಾಲ್ಕು ವಸ್ತು ಇಟ್ಟುಕೊಳ್ಳಲಿ: ಅದೇ ಆಂಪಿಯರಿನ ಎರಡು ಫ್ಯೂಸ್, ಒಂದು ಇನ್ಸುಲೇಷನ್ ಟೇಪು, ಒಂದು ಸ್ಕ್ರೂಡ್ರೈವರ್, ಒಂದು ಪುಟ್ಟ ಟಾರ್ಚು. ವಾರಕ್ಕೊಮ್ಮೆ ಹಗಲಿನಲ್ಲೇ ಹ್ಯಾಂಡಲ್ ತಿರುಗಿಸಿ ದೀಪ ನೋಡಲಿ. ಒಂದು ನಿಮಿಷದ ಕೆಲಸ. ದೀಪ ಒಮ್ಮೆ ಮಿಣುಕಿದರೂ ನಾಳೆಗೆ ಬಿಡಬೇಡಿ. ತುಂಡಾಗುತ್ತಿರುವ ವೈರು ಹಗಲಿನಲ್ಲಿ ಮಿಣುಕಿ ಸೂಚನೆ ಕೊಡುತ್ತದೆ, ಪೂರ್ತಿ ಕೈಕೊಡುವುದು ಕತ್ತಲಲ್ಲಿ, ತಿರುವಿನಲ್ಲಿ.

ಮುಂದಿನ ಸಲ ಸಂಗಮಕ್ಕೆ ಹೋಗುವವರು ಉಯ್ಯಂಬಳ್ಳಿಯ ದಾರಿಯಲ್ಲಿ ಸ್ವಲ್ಪ ನಿಧಾನಿಸಿ. ಎದುರಿಗೆ ಗೂಡಿನ ಚೀಲ ಹೊತ್ತ ಟಿವಿಎಸ್ ಬಂದರೆ ನಿಮ್ಮ ಕಾರಿನ ದೀಪವನ್ನು ತಗ್ಗಿಸಿ, ದಾರಿ ಬಿಡಿ. ಅವರ ದೀಪ ಚಿಕ್ಕದು, ಹೊರೆ ದೊಡ್ಡದು.